ಮಣಿಕಟ್ಟು ನೋವಿಗೆ ಉಲ್ಲನ್ ರಿಸ್ಟ್ ವಾರ್ಮರ್: ಪದೇ ಪದೇ ಕೇಳುವ ಪ್ರಶ್ನೆಗಳು

ರಿಸ್ಟ್ ವಾರ್ಮರ್ ಅಂದರೆ ಮಣಿಕಟ್ಟಿಗೆ ತೊಡುವ, ಬೆರಳುಗಳು ಹೊರಗಿರುವ ಹೆಣೆದ ಪಟ್ಟಿ. ಅದರ ಬಗ್ಗೆ ಹೆಣಿಗೆ ತರಗತಿಗಳಲ್ಲಿ, ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಬೇರೆ ಹೇಳದಿದ್ದ ಕಡೆ ಅಳತೆಗಳೆಲ್ಲ ದೊಡ್ಡವರ ಕೈಗೆ, 4 ಮಿ.ಮೀ. ಕಡ್ಡಿಗೆ.

## ಮೊದಲು ನೋವಿನ ವಿಚಾರ

ಉಲ್ಲನ್ ಹಾಕಿಕೊಂಡರೆ ಕೈನೋವು ನಿಜವಾಗಿ ಹೋಗುತ್ತಾ?

ಹೋಗುವುದಿಲ್ಲ, ತಡೆದುಕೊಳ್ಳುವಷ್ಟಕ್ಕೆ ಇಳಿಯುತ್ತದೆ. ಮಣಿಕಟ್ಟಿನಲ್ಲಿ ಮಾಂಸವೂ ಕೊಬ್ಬೂ ಕಡಿಮೆ. ರಕ್ತನಾಳ, ಸ್ನಾಯುರಜ್ಜು, ಮೂಳೆ ಎಲ್ಲವೂ ಚರ್ಮದ ಕೆಳಗೇ ಇರುವುದರಿಂದ ಆ ಜಾಗ ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ಪೆಡಸಾಗುತ್ತದೆ. ಬೆಚ್ಚಗಿಟ್ಟರೆ ಆ ಪೆಡಸು ಸಡಿಲಿ ಬೆರಳಾಡಿಸುವುದು ಸುಲಭವಾಗುತ್ತದೆ. ಬೆಳಿಗ್ಗೆ ಎದ್ದಾಗ ಕೈ ಮಡಚಲು ಕಷ್ಟವಾಗುವವರಿಗೆ, ಎ.ಸಿ. ಗಾಳಿ ನೇರ ಬೀಳುವ ಮೇಜಿನಲ್ಲಿ ಇಡೀ ದಿನ ಮೌಸ್ ಹಿಡಿಯುವವರಿಗೆ, ಮಡಿಕೇರಿ, ಸಕಲೇಶಪುರದ ಮಳೆಗಾಲದ ಥಂಡಿಯಲ್ಲಿ ಇರುವವರಿಗೆ ಇದರಿಂದ ಹೆಚ್ಚು ಸಮಾಧಾನ. ನೆನಪಿಡಬೇಕಾದದ್ದು ಒಂದೇ: ರಿಸ್ಟ್ ವಾರ್ಮರ್ ಬಿಸುಪು ಕೊಡುತ್ತದೆ, ಆಧಾರ ಕೊಡುವುದಿಲ್ಲ. ಆಧಾರಕ್ಕೆಂದು ಬಿಗಿಯಾಗಿ ಹೆಣೆದವರೇ ಆಮೇಲೆ ತೊಂದರೆಪಡುವುದು.

ಮೆಡಿಕಲ್ ಶಾಪಿನ ಎಲಾಸ್ಟಿಕ್ ಬ್ಯಾಂಡಿಗೂ ಇದಕ್ಕೂ ಏನು ವ್ಯತ್ಯಾಸ?

ಎಲಾಸ್ಟಿಕ್ ಬ್ಯಾಂಡ್ ಒತ್ತುತ್ತದೆ. ಒಳಗೆ ಲೋಹದ ಪಟ್ಟಿಯಿರುವ ಸ್ಪ್ಲಿಂಟ್ ಮಣಿಕಟ್ಟನ್ನು ಬಾಗದಂತೆ ಹಿಡಿಯುತ್ತದೆ. ರಿಸ್ಟ್ ವಾರ್ಮರ್ ಇವೆರಡೂ ಕೆಲಸ ಮಾಡದು. ವೈದ್ಯರು ಸ್ಪ್ಲಿಂಟ್ ಹೇಳಿದ್ದರೆ ಅದರ ಬದಲಿಗೆ ಉಲ್ಲನ್ ಹಾಕಿಕೊಂಡು ಸುಮ್ಮನಾಗಬೇಡಿ.

ನನಗಿರೋದು ಯಾವ ನೋವು ಅಂತ ಹೇಗೆ ಗೊತ್ತಾಗುತ್ತೆ?

ಖಚಿತವಾಗಿ ಹೇಳಬೇಕಾದವರು ವೈದ್ಯರೇ. ಆದರೆ ಕೆಲವು ಗುರುತುಗಳನ್ನು ತಿಳಿದಿದ್ದರೆ ಎಂಥ ಪಟ್ಟಿ ಹೆಣೆಯಬೇಕೆಂಬ ಅಂದಾಜು ಸಿಗುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತಿದ್ದರೆ, ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಗುರವಾಗುತ್ತಿದ್ದರೆ ಅದು ಕಾರ್ಪಲ್ ಟನಲ್ ಇರಬಹುದು. ಅಂಗೈ ಬದಿಯ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುವ ನರ ಒತ್ತಿಕೊಳ್ಳುವುದರಿಂದ ಹೀಗಾಗುತ್ತದೆ. ಗರ್ಭಿಣಿಯರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಇವರಿಗೆ ಬಿಗಿ ಪಟ್ಟಿ ಸಲ್ಲದು.

ನೋವು ಹೆಬ್ಬೆರಳಿನ ಬುಡದಿಂದ ಮುಂಗೈಗೆ ಏರುತ್ತಿದ್ದರೆ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕೈಯನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಾಗಿಸಿದಾಗ ಚುಚ್ಚಿದಂತಾದರೆ ಅದು ಡಿ ಕರ್ವೇನ್ ಇರಬಹುದು. ಹೆಬ್ಬೆರಳಿನ ಸ್ನಾಯುರಜ್ಜುಗಳ ಸುತ್ತಲಿನ ಪೊರೆ ದಪ್ಪಗಾಗಿ ಅವು ಸರಾಗವಾಗಿ ಜಾರದೆ ಉಜ್ಜುವ ತೊಂದರೆ ಇದು. ವಯಸ್ಸಾದವರಲ್ಲಿ ಡಬ್ಬಿಯ ಮುಚ್ಚಳ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಹೆಬ್ಬೆರಳ ಬುಡದಲ್ಲೇ ನೋಯುವುದು ಸಾಮಾನ್ಯವಾಗಿ ಅಲ್ಲಿನ ಕೀಲು ಸವೆತದಿಂದ. ಬಿಸುಪಿನಿಂದ ಹೆಚ್ಚು ಹಿತವಾಗುವುದು ಈ ಕೊನೆಯ ಗುಂಪಿನವರಿಗೆ.

ಯಾವಾಗ ಹಾಕಲೇಬಾರದು?

ಕೀಲು ಕೆಂಪಾಗಿ, ಊದಿ, ಮುಟ್ಟಿದರೆ ಬಿಸಿಯಾಗಿದ್ದಾಗ ಅದಕ್ಕೆ ಇನ್ನಷ್ಟು ಬಿಸಿ ಬೇಡ. ಬಿದ್ದು ಕೈ ಊರಿದ ಮೇಲೆ ಶುರುವಾದ ನೋವಿಗೆ ಮೊದಲು ಎಕ್ಸ್‌ರೇ. ಜ್ವರದ ಜೊತೆ ಕೀಲುನೋವು, ಬಿಟ್ಟೂ ಬಿಡದ ಜೋಮು, ಕೈಯಿಂದ ಲೋಟ ಜಾರುವುದು, ಹೆಬ್ಬೆರಳ ಬುಡದ ಅಂಗೈ ದಿಂಡು ಸೊರಗುವುದು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಮಗಳು ಬಾಣಂತಿ, ಮಗು ಎತ್ತಿ ಎತ್ತಿ ಕೈನೋವು ಬಂದಿದೆ. ಅವಳಿಗೆ ಹೆಣೆದುಕೊಡಲಾ?

ಕೊಡಿ, ಆದರೆ ಹೆಬ್ಬೆರಳ ಬದಿಯಲ್ಲಿ ಹೊಲಿಗೆಯ ಗೆರೆ ಬರದಂತೆ ಹೆಣೆಯಿರಿ (ವಿಧಾನ ಕೆಳಗಿದೆ). ಹೆಬ್ಬೆರಳನ್ನು ಅಗಲಿಸಿ ಮಗುವಿನ ಕಂಕುಳಿಗೆ ಕೈ ಕೊಟ್ಟು ಎತ್ತುವುದರಿಂದಲೇ ಈ ನೋವು ಹೆಚ್ಚುವುದು. ಒಂದು ಕೈ ಕುತ್ತಿಗೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಕೊಟ್ಟು, ಅಂಗೈ ಮೇಲಾಗಿಸಿ, ಭಾರವನ್ನು ಮುಂಗೈ ಮೇಲೆ ತೆಗೆದುಕೊಳ್ಳಲಿ. ಎತ್ತುವ ರೀತಿ ಬದಲಾಗದೆ ಎಷ್ಟು ಬೆಚ್ಚಗಿಟ್ಟರೂ ನೋವು ಮರಳುತ್ತದೆ. ಕೂಸಿನ ಮೈಗೂ ತಾಗುವುದರಿಂದ ಉದುರುವ ಕೂದಲಿನ ಅಂಗೋರಾ ನೂಲು, ಮಣಿ, ಗುಂಡಿ ಯಾವುದೂ ಬೇಡ.

## ಉಲ್ಲನ್ ಮತ್ತು ಕಡ್ಡಿ

ಯಾವ ಉಲ್ಲನ್, ಎಷ್ಟು ತಗೋಬೇಕು?

ಎರಡು ಕೈಯ ಒಂದು ಜೊತೆಗೆ 50 ಗ್ರಾಂ ಸಾಕು. ಮೊಣಕೈ ಕಡೆಗೆ ಇನ್ನಷ್ಟು ಉದ್ದ ಬೇಕಿದ್ದರೆ 70 ಗ್ರಾಂ. ದಪ್ಪದಲ್ಲಿ 8 ಪ್ಲೈ ಎನ್ನುವ ನೂಲು. ಆದರೆ ಪ್ಲೈ ಲೆಕ್ಕ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅದೊಂದನ್ನೇ ನಂಬಬೇಡಿ. ನೂಲನ್ನು ಎಳೆಯದೆ, ಒಂದರ ಪಕ್ಕ ಒಂದು ಬರುವಂತೆ ಸ್ಕೇಲಿಗೆ ಸುತ್ತಿ. ಒಂದು ಇಂಚಿನಲ್ಲಿ 11–12 ಸುತ್ತು ಬಂದರೆ ಸರಿಯಾದ ದಪ್ಪ.

ಮೆರಿನೊ ಉಣ್ಣೆ ಎಲ್ಲಕ್ಕಿಂತ ಒಳ್ಳೆಯದು. ಅದರ ಎಳೆಗಳ ಸುರುಳಿಯಲ್ಲಿ ಗಾಳಿ ನಿಲ್ಲುತ್ತದೆ, ಬಿಸುಪು ಉಳಿಯುವುದು ಆ ಗಾಳಿಯಿಂದ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸದು. ಸಾಮಾನ್ಯ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಅಗ್ಗ, ತೊಳೆಯಲು ಸುಲಭ, ಉಣ್ಣೆ ಒಗ್ಗದವರಿಗೆ ಅದೇ ಗತಿ. ಬೆವರು ಹೀರುವುದಿಲ್ಲವಾದ್ದರಿಂದ ಮಧ್ಯಾಹ್ನದ ಹೊತ್ತಿಗೆ ಜಿಗಿಜಿಗಿ ಎನ್ನುತ್ತದೆ, ಅಷ್ಟೆ. ಹತ್ತಿ ನೂಲು ಬೇಡ: ಹಿಗ್ಗಿದ ಮೇಲೆ ಕುಗ್ಗುವುದಿಲ್ಲ, ನಾಲ್ಕು ದಿನಕ್ಕೆ ಬಳೆಯಂತೆ ಜಾರಾಡುತ್ತದೆ.

ನಮ್ಮ ಕಡೆ ಕಂಬಳಿ ಉಣ್ಣೆ ಸಿಗುತ್ತೆ. ಅದರಲ್ಲಿ ಆಗಲ್ವಾ?

ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ, ಹಾಸುವ ಜಮಖಾನಕ್ಕೆ ಆ ಒರಟುತನವೇ ಬಲ, ಒಳ ಮಣಿಕಟ್ಟಿನ ಎಳೆ ಚರ್ಮಕ್ಕೆ ಮಾತ್ರ ಅದೇ ಕಡಿತ. ಆಸೆಯಿದ್ದರೆ ಹೊರಪದರವಾಗಿ ಹೆಣೆದು ಒಳಗೆ ಮೆತ್ತನೆಯ ಹತ್ತಿ ಬಟ್ಟೆಯ ಅಸ್ತರಿ ಕೊಡಿ. ಮಾಮೂಲಿ ನೇಯ್ದ ಅಸ್ತರಿ ಹಿಗ್ಗುವುದಿಲ್ಲ, ಹಾಗಾಗಿ ಹಳೆಯ ಬನಿಯನ್ ಬಟ್ಟೆ ಬಳಸುವುದೇ ಜಾಣತನ.

ಅಂಗಡಿಯವರು 8 ನಂಬರ್ ಕಡ್ಡಿ ಅಂತಾರೆ, ವಿಡಿಯೊದಲ್ಲಿ ಬೇರೆ ನಂಬರ್. ಯಾವುದು ಸರಿ?

ನಮ್ಮಲ್ಲಿ ಈಗಲೂ ಹಳೆಯ ಬ್ರಿಟಿಷ್ ನಂಬರ್ ನಡೆಯುತ್ತದೆ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳು: 8 ಅಂದರೆ 4 ಮಿ.ಮೀ., 9 ಅಂದರೆ 3.75, 10 ಅಂದರೆ 3.25. ಅಮೆರಿಕದ ಲೆಕ್ಕ ತಿರುಗುಮುರುಗು. ಅಲ್ಲಿ 8 ಅಂದರೆ 5 ಮಿ.ಮೀ., ನಮಗೆ ಬೇಕಾದ 4 ಮಿ.ಮೀ. ಅಲ್ಲಿ 6ನೇ ನಂಬರ್. ಅಮೆರಿಕದ ವಿಡಿಯೊ ನೋಡಿ ಇಲ್ಲಿನ 6 ನಂಬರ್ ಕೊಂಡರೆ 5 ಮಿ.ಮೀ. ಕಡ್ಡಿ ಸಿಕ್ಕಿ, ಹೆಣಿಗೆ ಜಾಳುಜಾಳಾಗಿ ಗಾಳಿಯೆಲ್ಲ ಒಳಬರುತ್ತದೆ. ಮಿಲಿಮೀಟರ್ ಕೇಳಿ ತೆಗೆದುಕೊಳ್ಳಿ.

ತಾಮ್ರದ ಎಳೆ ಸೇರಿಸಿ ಹೆಣೆದರೆ, ಅಯಸ್ಕಾಂತ ಇಟ್ಟು ಹೊಲಿದರೆ ಇನ್ನೂ ಒಳ್ಳೇದಂತೆ?

ತಾಮ್ರದ ಬಳೆ ಮತ್ತು ಅಯಸ್ಕಾಂತದ ಪಟ್ಟಿಗಳನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 70 ಮಂದಿ ರುಮಟಾಯ್ಡ್ ಸಂಧಿವಾತದವರ ಮೇಲೆ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಹುಸಿ ಪಟ್ಟಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆ ದುಡ್ಡಿಗೆ ಒಳ್ಳೆಯ ಮೆರಿನೊ ಬರುತ್ತದೆ.

## ಹೆಣಿಗೆ

ನನಗೆ ಬರೀ ನಿಟ್, ಪರ್ಲ್ ಬರುತ್ತೆ. ಎರಡು ಕಡ್ಡಿಯಲ್ಲೇ ಹೆಣೆಯೋದು ಹೇಗೆ?

ನಿಟ್ (ಸೀದಾ ಹೆಣಿಗೆ), ಪರ್ಲ್ (ಉಲ್ಟಾ ಹೆಣಿಗೆ) ಅಷ್ಟು ಬಂದರೆ ಧಾರಾಳ. 16 ಸೆಂ.ಮೀ. ಸುತ್ತಳತೆಯ ಮಣಿಕಟ್ಟಿಗೆ ಲೆಕ್ಕ ಹೀಗೆ:

1. 42 ಸ್ಟಿಚ್ ಕಾಸ್ಟ್ ಆನ್ ಮಾಡಿ, ಅಂದರೆ ಕಡ್ಡಿಗೆ ಮೊದಲ ಕುಣಿಕೆಗಳನ್ನು ಏರಿಸಿ. ಕೊನೆಗೆ ಹೊಲಿಯಲು 40 ಸೆಂ.ಮೀ. ಬಾಲ ಬಿಡಿ.
2. ಮೊದಲ ಸಾಲು: 2 ನಿಟ್, ಆಮೇಲೆ 2 ಪರ್ಲ್, 2 ನಿಟ್ ಎಂದು ಕೊನೆಯವರೆಗೆ. ಸಾಲು 2 ನಿಟ್‌ನಲ್ಲೇ ಮುಗಿಯಬೇಕು.
3. ಎರಡನೇ ಸಾಲು: 2 ಪರ್ಲ್, ಆಮೇಲೆ 2 ನಿಟ್, 2 ಪರ್ಲ್. ಇವೆರಡೇ ಸಾಲು ಮುಂದುವರಿಯಲಿ.
4. 28ನೇ ಸಾಲಿನ ಎರಡೂ ಅಂಚಿಗೆ ಬೇರೆ ಬಣ್ಣದ ದಾರ ಕಟ್ಟಿ. ಇಲ್ಲಿಗೆ 10 ಸೆಂ.ಮೀ. 42ನೇ ಸಾಲಿನಲ್ಲಿ ಮತ್ತೊಮ್ಮೆ ಕಟ್ಟಿ. 50ನೇ ಸಾಲಿಗೆ ಸುಮಾರು 18 ಸೆಂ.ಮೀ. ಆಗಿರುತ್ತದೆ, ಇದೇ ರಿಬ್ (ನಿಟ್, ಪರ್ಲ್ ಕಂಬಿಗಳ) ವಿನ್ಯಾಸದಲ್ಲೇ ಸಡಿಲವಾಗಿ ಕಾಸ್ಟ್ ಆಫ್ ಮಾಡಿ, ಅಂದರೆ ಕುಣಿಕೆಗಳನ್ನು ಮುಚ್ಚಿ ಮುಗಿಸಿ.
5. ಎರಡೂ ಅಂಚು ಸೇರಿಸಿ, ಪ್ರತಿ ಬದಿಯಿಂದ ಒಂದೊಂದು ಸ್ಟಿಚ್ ಒಳಕ್ಕೆ ತೆಗೆದುಕೊಂಡು, ಬುಡದಿಂದ ಮೊದಲ ಗುರುತಿನವರೆಗೆ ಹೊಲಿಯಿರಿ. ಎರಡು ಗುರುತುಗಳ ನಡುವಿನ 5 ಸೆಂ.ಮೀ. ಹೆಬ್ಬೆರಳಿಗೆ ಬಿಡಿ. ಉಳಿದದ್ದನ್ನು ಹೊಲಿಯಿರಿ.

40ರ ಬದಲು 42 ಹಾಕಿದ್ದು ಇದಕ್ಕೇ: ಹೊಲಿದಾಗ ಎರಡು ಸ್ಟಿಚ್ ಒಳಗೆ ಹೋಗಿ, ಎರಡು ಅಂಚಿನ ಒಂದೊಂದು ನಿಟ್ ಸೇರಿ ರಿಬ್ಬಿನ ಇನ್ನೊಂದು ಕಂಬಿಯೇ ಆಗುತ್ತದೆ, ಗೆರೆ ಕಾಣುವುದಿಲ್ಲ. ಇನ್ನೊಂದು ಕೈಗೂ ಸೆಂಟಿಮೀಟರ್ ಅಳೆಯದೆ ಸಾಲು ಎಣಿಸಿಯೇ ಹೆಣೆಯಿರಿ, ಇಲ್ಲದಿದ್ದರೆ ಜೊತೆ ಕೂಡುವುದಿಲ್ಲ. ಎಡ ಬಲ ಭೇದವಿಲ್ಲದ ವಿನ್ಯಾಸವಾದ್ದರಿಂದ ಕೈ ಬದಲಿಸಿ ತೊಟ್ಟರೆ ಎರಡೂ ಒಂದೇ ಸಮ ಸವೆಯುತ್ತವೆ.

42 ಹಾಕಿದ್ದೆ, ಈಗ ಎಣಿಸಿದರೆ 45 ಇದೆ. ಎಲ್ಲಿಂದ ಬಂತು?

ನಿಟ್‌ನಿಂದ ಪರ್ಲ್‌ಗೆ ಹೋಗುವಾಗ ನೂಲನ್ನು ಎರಡು ಕಡ್ಡಿಗಳ ನಡುವಿನಿಂದ ಮುಂದಕ್ಕೆ ತರಬೇಕು, ನಿಟ್‌ಗೆ ಮರಳುವಾಗ ಹಿಂದಕ್ಕೆ. ಕಡ್ಡಿಯ ಮೇಲಿಂದ ತಂದರೆ ಅದೇ ಒಂದು ಹೊಸ ಸ್ಟಿಚ್ ಆಗಿ ಕೂರುತ್ತದೆ, ಕೆಳಗೆ ಸಣ್ಣ ತೂತೂ ಬೀಳುತ್ತದೆ. ಮುಂದಿನ ಸಾಲಿನಲ್ಲೇ ಕಂಡರೆ ಅದನ್ನು ಕಡ್ಡಿಯಿಂದ ಬೀಳಿಸಿಬಿಡಿ. ಒಂದು ಸ್ಟಿಚ್ ಆಚೀಚೆಯಾದರೂ ರಿಬ್ಬಿನ ಕಂಬಿ ಮುರಿದು ಕಾಳುಕಾಳಾದ ಹೆಣಿಗೆ ಬರುತ್ತದೆ, ಅದಕ್ಕೆ ಹಿಗ್ಗುವ ಗುಣವಿಲ್ಲ. ಗುರುತು ಸುಲಭ: ನಿಮ್ಮ ಕಡೆಗೆ ವಿ ಆಕಾರ ಕಂಡರೆ ನಿಟ್, ಅಡ್ಡಗಂಟು ಕಂಡರೆ ಪರ್ಲ್.

ನನ್ನ ಕೈ ಸಣ್ಣ, ಯಜಮಾನರ ಕೈ ದಪ್ಪ. ಎಷ್ಟು ಸ್ಟಿಚ್ ಹಾಕಲಿ?

ಸುತ್ತಳತೆ 14 ಸೆಂ.ಮೀ. ಇದ್ದರೆ 38, 16ಕ್ಕೆ 42, 18ಕ್ಕೆ 46, 20ಕ್ಕೆ 50. ಯಾವಾಗಲೂ 4ರ ಗುಣಕಕ್ಕೆ 2 ಸೇರಿಸಿದ ಸಂಖ್ಯೆ ಬರಬೇಕು. ಇದು ರಿಬ್ಬನ್ನು ಸ್ವಲ್ಪ ಎಳೆದು ಹಿಡಿದಾಗ 10 ಸೆಂ.ಮೀ.ಗೆ 25 ಸ್ಟಿಚ್ ಬರುವವರ ಲೆಕ್ಕ. ನಿಮ್ಮ ಕೈ ಬಿಗಿಯೋ ಸಡಿಲವೋ ತಿಳಿಯಲು ಮೊದಲು 30 ಸ್ಟಿಚ್‌ನ ತುಂಡೊಂದನ್ನು ಹೆಣೆದು ಅಳೆಯಿರಿ. ಸುತ್ತಳತೆಯನ್ನು ಊತ ಹೆಚ್ಚಿರುವ ಹೊತ್ತಿನಲ್ಲೇ ತೆಗೆದುಕೊಳ್ಳಿ. ಗರ್ಭಿಣಿಯರಿಗೆ 4 ಸ್ಟಿಚ್ ಹೆಚ್ಚಿಗೆ ಹಾಕಿ.

ಪಟ್ಟಿ ಹಿಗ್ಗುತ್ತೆ, ಆದರೆ ಅಂಚಿನಲ್ಲಿ ಕೈಯೇ ತೂರಲ್ಲ.

ಮಣಿಕಟ್ಟು 16 ಸೆಂ.ಮೀ. ಇದ್ದರೂ ಬೆರಳಗಂಟಿನ ಬಳಿ 18–20 ಸೆಂ.ಮೀ. ಇರುತ್ತದೆ, ಅಂಚು ಅಷ್ಟು ಬಾಯಿ ಬಿಡಬೇಕು. ಕಾಸ್ಟ್ ಆನ್ ಮಾಡುವಾಗ ಎರಡು ಕಡ್ಡಿ ಜೋಡಿಸಿ ಹಿಡಿದು ಬಿಗಿಯಾಗಿ ಹಾಕುವುದಕ್ಕಿಂತ, ಒಂದೇ ಕಡ್ಡಿಯಲ್ಲಿ ಸ್ಟಿಚ್ ಸ್ಟಿಚ್‌ಗಳ ನಡುವೆ ಕಿರಿದಾದ ಜಾಗ ಬಿಟ್ಟು ಹಾಕುವುದು ಹೆಚ್ಚು ಫಲ ಕೊಡುತ್ತದೆ. ಕಾಸ್ಟ್ ಆಫ್‌ಗೆ 5 ಮಿ.ಮೀ. ಕಡ್ಡಿ ಬಳಸಿ. ಆಗಲೇ ಮುಗಿಸಿದ್ದರೆ ಕಾಸ್ಟ್ ಆಫ್ ಅಂಚನ್ನಷ್ಟೇ ಬಿಚ್ಚಿ ಮತ್ತೆ ಮಾಡಬಹುದು. ಕಾಸ್ಟ್ ಆನ್ ಅಂಚು ಹಾಗೆ ಸಲೀಸಾಗಿ ಬಿಚ್ಚುವುದಿಲ್ಲ, ಅದಕ್ಕೇ ಮೂರ್ನಾಲ್ಕು ಸಾಲು ಆದ ಕೂಡಲೇ ಎಳೆದು ಪರೀಕ್ಷಿಸಿ.

ಎಷ್ಟು ಬಿಗಿ ಇದ್ದರೆ ಸರಿ?

ತೊಟ್ಟ ಮೇಲೆ ಕಿರುಬೆರಳು ಸಲೀಸಾಗಿ ಒಳಗೆ ಜಾರಬೇಕು. ಒಂದು ಗಂಟೆ ತೊಟ್ಟು ಕಳಚಿ ನೋಡಿ. ರಿಬ್ಬಿನ ಮಸುಕು ಗೆರೆ ಮೂಡಿ ಐದು ಹತ್ತು ನಿಮಿಷದಲ್ಲಿ ಮಾಯವಾದರೆ ಅಡ್ಡಿಯಿಲ್ಲ. ಬಳೆ ಒತ್ತಿದಂಥ ಹಳ್ಳ ಉಳಿದರೆ, ಬೆರಳ ತುದಿ ತಣ್ಣಗಾದರೆ, ಬಣ್ಣ ಬದಲಾದರೆ, ಜೋಮು ಬಂದರೆ 4 ಸ್ಟಿಚ್ ಹೆಚ್ಚಿಸಿ ಮತ್ತೆ ಹೆಣೆಯಿರಿ.

ಹೊಲಿಗೆಯ ಗೆರೆ ನೋವಿರುವ ಜಾಗಕ್ಕೇ ಒತ್ತುತ್ತೆ.

ಹೆಬ್ಬೆರಳ ಬುಡದ ನೋವಿನವರಿಗೆ ಇದು ಆಗಿಯೇ ಆಗುತ್ತದೆ, ಮೇಲಿನ ವಿನ್ಯಾಸದಲ್ಲಿ ಹೊಲಿಗೆ ಅಲ್ಲೇ ಬೀಳುವುದರಿಂದ. ಎರಡು ದಾರಿ ಇವೆ. ಹೆಬ್ಬೆರಳ ಬಾಯಿ ಬೇಡವೆಂದರೆ 12 ಸೆಂ.ಮೀ. ಉದ್ದದ ಬರೀ ಪಟ್ಟಿ ಹೆಣೆದು, ಹೊಲಿಗೆ ಕಿರುಬೆರಳ ಬದಿಗೆ ಬರುವಂತೆ ತೊಡಿ. ಬಾಯಿ ಬೇಕೆಂದರೆ ಸುತ್ತಾಗಿ ಹೆಣೆಯಿರಿ. ಯಾವುದೇ ಆದರೂ ನೂಲಿನ ತುದಿಯನ್ನು ಗಂಟು ಹಾಕದೆ ರಿಬ್ಬಿನೊಳಗೆ 5 ಸೆಂ.ಮೀ. ತೂರಿಸಿ ಮುಗಿಸಿ. ಅಂಗೈ ಬದಿಯ ನಡುವಿನಲ್ಲಿ ಗಂಟು ಬಂದರೆ ಕೀಬೋರ್ಡಿನ ಮೇಲೆ ಕೈ ಊರಿದಾಗ ನರಕ್ಕೇ ಚುಚ್ಚುತ್ತದೆ.

## ಹೆಣೆಯುವ ಕೈಯೇ ನೋಯುವಾಗ

ಕೈನೋವಿಗೆ ಅಂತ ಹೆಣೆಯೋಕೆ ಕೂತರೆ ಕೈನೋವೇ ಜಾಸ್ತಿ ಆಯ್ತು. ಏನು ಮಾಡಲಿ?

ಈ ದೂರು ಅಪರೂಪವಲ್ಲ. ಉದ್ದನೆಯ ಕಬ್ಬಿಣ ಅಥವಾ ಅಲ್ಯೂಮಿನಿಯಂ ಕಡ್ಡಿಯಲ್ಲಿ ಹೆಣಿಗೆಯ ಭಾರವೆಲ್ಲ ತುದಿಯಲ್ಲಿ ತೂಗಿ ಮಣಿಕಟ್ಟನ್ನು ಕೆಳಕ್ಕೆ ಜಗ್ಗುತ್ತದೆ. ಎರಡು ಸಣ್ಣ ಕಡ್ಡಿಗಳನ್ನು ಕೇಬಲ್‌ನಿಂದ ಜೋಡಿಸಿದ ಸರ್ಕ್ಯುಲರ್ ಕಡ್ಡಿಯಲ್ಲೂ ಹಿಂದೆ ಮುಂದೆ ಹೆಣೆಯಬಹುದು, ಆಗ ಭಾರ ತೊಡೆಯ ಮೇಲೆ ಕೂರುತ್ತದೆ. ಲೋಹದ ಕಡ್ಡಿಯಿಂದ ಸ್ಟಿಚ್ ಜಾರೀತೆಂದು ಬೆರಳು ಬಿಗಿಹಿಡಿಯುತ್ತದೆ, ಬಿದಿರಿನದ್ದರಲ್ಲಿ ಆ ಭಯವಿಲ್ಲ.

ಮೊಣಕೈ ಎರಡೂ ದಿಂಬಿನ ಮೇಲಿರಲಿ, ಭುಜ ಇಳಿಬಿಡಿ, ಮಣಿಕಟ್ಟು ಮುಂಗೈಗೆ ನೇರವಾಗಿರಲಿ. 15–20 ನಿಮಿಷಕ್ಕೊಮ್ಮೆ ಎದ್ದು ಬೆರಳು ಬಿಡಿಸಿ. "ಈ ಒಂದು ಸಾಲು ಮುಗಿಸಿ ಏಳ್ತೀನಿ" ಎನ್ನುವುದೇ ಅಪಾಯ, ಗಡಿಯಾರ ನೋಡಿ ಏಳಿ, ಸಾಲು ನೋಡಿ ಅಲ್ಲ. ಬಲಗೈಯಿಂದ ನೂಲು ಸುತ್ತಿ ಎಸೆಯುವ ರೂಢಿಯಿದ್ದರೆ, ನೂಲನ್ನು ಎಡಗೈ ತೋರುಬೆರಳ ಮೇಲೆ ಹಿಡಿದು ಕಡ್ಡಿಯ ತುದಿಯಿಂದ ಎತ್ತಿಕೊಳ್ಳುವ ಕಾಂಟಿನೆಂಟಲ್ ವಿಧಾನ ಕಲಿಯಿರಿ, ಚಲನೆ ಚಿಕ್ಕದು. ಹೊಸ ವಿಧಾನದ ಮೊದಲ ದಿನಗಳಲ್ಲಿ ಎಡಗೈ ಬಿಗಿಯಾಗುವುದುಂಟು, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿ. ಜೋಮು ಬಂದ ದಿನ ಕಡ್ಡಿ ಮುಟ್ಟಬೇಡಿ.

ಪರ್ಲ್ ಹಾಕುವಾಗಲೇ ನೋವು. ಪರ್ಲ್ ಇಲ್ಲದೆ ಆಗುತ್ತಾ?

ಆಗುತ್ತದೆ, ಅಡ್ಡಲಾಗಿ ಹೆಣೆಯಿರಿ. 36 ಸ್ಟಿಚ್ ಹಾಕಿ, ಇದು ಪಟ್ಟಿಯ ಉದ್ದ, ಸುಮಾರು 17 ಸೆಂ.ಮೀ. ಎಲ್ಲ ಸಾಲೂ ಬರೀ ನಿಟ್. ಎರಡು ಸಾಲಿಗೆ ಒಂದು ದಿಂಡು ಏಳುತ್ತದೆ. 16 ಸೆಂ.ಮೀ. ಮಣಿಕಟ್ಟಿಗೆ 30 ದಿಂಡು, ಅಂದರೆ 60 ಸಾಲು. ಆಮೇಲೆ ಕಾಸ್ಟ್ ಆನ್ ಅಂಚು, ಕಾಸ್ಟ್ ಆಫ್ ಅಂಚು ಸೇರಿಸಿ, ಹೆಬ್ಬೆರಳಿಗೆ 5 ಸೆಂ.ಮೀ. ಬಿಟ್ಟು ಹೊಲಿಯುವುದು. ಈ ಹೆಣಿಗೆ ಸಾಲಿನ ದಿಕ್ಕಿಗಿಂತ ಅದಕ್ಕೆ ಅಡ್ಡಲಾಗಿ ಹೆಚ್ಚು ಹಿಗ್ಗುವುದರಿಂದ ಅಡ್ಡ ಹೆಣೆದಾಗ ಸುತ್ತಳತೆಯೇ ಹಿಗ್ಗುತ್ತದೆ. ದಿಂಡುಗಳ ನಡುವೆ ಗಾಳಿ ನಿಂತು ರಿಬ್ಬಿಗಿಂತ ಬೆಚ್ಚಗೂ ಇರುತ್ತದೆ. ನೋಡಲು ರಿಬ್ಬಿನಷ್ಟು ಅಚ್ಚುಕಟ್ಟಲ್ಲ, ನೋವಿರುವವರಿಗೆ ನಾವು ಮೊದಲು ಹೇಳುವುದು ಮಾತ್ರ ಇದನ್ನೇ.

ಕ್ರೋಶಾದಲ್ಲಿ ಮಾಡಬಹುದಾ?

ಮಾಡಬಹುದು. ಹಿಗ್ಗುವುದು ಕಡಿಮೆ, ನೂಲು ಹೆಚ್ಚು ಬೇಕು. ಮೇಲಿನಂತೆ ಅಡ್ಡಲಾಗಿ, ಹಿಂದಿನ ಎಳೆಯಲ್ಲಷ್ಟೇ ಕೊಕ್ಕೆ ಹಾಕಿ ಸಿಂಗಲ್ ಕ್ರೋಶಾ ಮಾಡಿದರೆ ರಿಬ್ಬಿನಂತೆ ಬರುತ್ತದೆ. ಹೆಬ್ಬೆರಳ ನೋವಿನವರಿಗೆ ತೆಳು ಕೊಕ್ಕೆ ಹಿಡಿಯುವುದು ಕಡ್ಡಿಗಿಂತ ಕಷ್ಟ, ದಪ್ಪ ಹಿಡಿಯ ಕೊಕ್ಕೆ ಕೊಳ್ಳಿ.

## ಕೈ ಪಳಗಿದವರಿಗೆ

ಹೊಲಿಗೆಯೇ ಇಲ್ಲದೆ ಸುತ್ತಾಗಿ ಹೆಣೆದು, ಹೆಬ್ಬೆರಳಿಗೂ ಸರಿಯಾದ ಜಾಗ ಮಾಡೋದು ಹೇಗೆ?

80 ಸೆಂ.ಮೀ. ಸರ್ಕ್ಯುಲರ್ ಕಡ್ಡಿಯಲ್ಲಿ ಮ್ಯಾಜಿಕ್ ಲೂಪ್ (ಉದ್ದ ಕೇಬಲ್ಲನ್ನು ಸ್ಟಿಚ್‌ಗಳ ನಡುವಿನಿಂದ ಹೊರಗೆಳೆದು ಸಣ್ಣ ಸುತ್ತು ಹೆಣೆಯುವ ವಿಧಾನ) ಹಾಕಿ, ಇಲ್ಲವೇ ಎರಡೂ ಕಡೆ ಮೊನೆಯಿರುವ ಐದು ಕಡ್ಡಿ ಬಳಸಿ. 40 ಸ್ಟಿಚ್. ಸುತ್ತು ಕೂಡಿಸುವ ಮುನ್ನ ಅಂಚು ತಿರುಚಿಕೊಂಡಿಲ್ಲವೇ ನೋಡಿ, ತಿರುಚಿದ್ದರೆ ಆಮೇಲೆ ಸರಿಪಡಿಸಲಾಗದು. 10 ಸೆಂ.ಮೀ. ರಿಬ್ ಆದ ಮೇಲೆ ಬರೀ ನಿಟ್. ಒಂದು ಸ್ಟಿಚ್‌ನ ಎರಡೂ ಬದಿಗೆ ಗುರುತು ಹಾಕಿ, ಗುರುತುಗಳ ಒಳಗೆ ಮೂರು ಸುತ್ತಿಗೊಮ್ಮೆ ಆಚೆ ಒಂದು ಈಚೆ ಒಂದು ಹೆಚ್ಚಿಸಿ. ಹೀಗೆ ಆರು ಸಲ ಆದರೆ ಒಳಗೆ 13 ಸ್ಟಿಚ್. ಅವನ್ನು ಬೇರೆ ದಾರಕ್ಕೆ ಏರಿಸಿಟ್ಟು, ಆ ಜಾಗದಲ್ಲಿ ಒಂದು ಹೊಸ ಸ್ಟಿಚ್ ಹಾಕಿದರೆ ಮತ್ತೆ 40. ಇನ್ನು 2 ಸೆಂ.ಮೀ. ನಿಟ್, 2 ಸೆಂ.ಮೀ. ರಿಬ್, ಕಾಸ್ಟ್ ಆಫ್. ಹೆಬ್ಬೆರಳಿಗೆ ಆ 13ರ ಜೊತೆ ಬುಡದಲ್ಲಿ 3 ಎತ್ತಿಕೊಂಡು 16ರಲ್ಲಿ ಐದು ಸುತ್ತು ರಿಬ್. ಒಂದರ ಬದಲು ಮೂರು ಎತ್ತಿಕೊಳ್ಳುವುದು ಮೂಲೆಯಲ್ಲಿ ತೂತು ಬೀಳದಿರಲೆಂದು.

ಕಡ್ಡಿ ಬದಲಾಗುವ ಕಡೆ ಏಣಿಯಂತೆ ಜಾಳು ಬರುತ್ತಿದ್ದರೆ ಮೊದಲ ಸ್ಟಿಚ್ಚಲ್ಲ, ಎರಡನೆಯ ಸ್ಟಿಚ್ ಹಾಕುವಾಗ ನೂಲು ಜಗ್ಗಿ.

ರಾತ್ರಿ ಸ್ಪ್ಲಿಂಟ್ ಒಳಗೆ ಹಾಕಿಕೊಳ್ಳಬಹುದಾ?

ತೆಳುವಾದ 4 ಪ್ಲೈ ನೂಲಿನಲ್ಲಿ, ರಿಬ್ ಇಲ್ಲದೆ ನುಣುಪಾಗಿ, ಗೆರೆ ಗಂಟಿಲ್ಲದೆ ಹೆಣೆದಿದ್ದರೆ ಆಗಬಹುದು. ಸ್ಪ್ಲಿಂಟಿನ ಪಟ್ಟಿಗಳನ್ನು ಅಷ್ಟು ಸಡಿಲಿಸಲೇಬೇಕು, ಹಳೆಯ ಗುರುತಿಗೇ ಬಿಗಿದರೆ ಒಳಗೆ ಒತ್ತಡ ಏರುತ್ತದೆ. ಸಕ್ಕರೆ ಕಾಯಿಲೆಯಿಂದ ಕೈಗೆ ಸ್ಪರ್ಶ ಕಡಿಮೆಯಾಗಿರುವವರು ಇದರ ಮೇಲೆ ಬಿಸಿನೀರಿನ ಚೀಲ ಇಟ್ಟು ಮಲಗಬಾರದು, ಸುಟ್ಟರೂ ತಿಳಿಯುವುದಿಲ್ಲ.

ಅಡುಗೆ ಮಾಡುವಾಗ ತೆಗೀಬೇಕಾ?

ತೆಗೆಯಿರಿ. ಅಕ್ರಿಲಿಕ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದು, ಆದರೂ ಪಾತ್ರೆ ತೊಳೆದು ಒದ್ದೆಯಾದ ಪಟ್ಟಿ ಕೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ಒಗೆದ ಮೇಲೆ ಮಕ್ಕಳ ಕೈಗೆ ಬರೋಷ್ಟು ಕುಗ್ಗಿತು. ಯಾಕೆ?

ಬಿಸಿನೀರಿನಲ್ಲಿ ಉಜ್ಜಿದಾಗ ಉಣ್ಣೆಯ ಎಳೆಗಳ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಒಮ್ಮೆ ಹಾಗಾದರೆ ಬಿಡಿಸಲಾಗದು. ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ರಸ ಅಥವಾ ಸ್ವಲ್ಪ ಶಾಂಪೂ ಬೆರೆಸಿ ಹತ್ತು ನಿಮಿಷ ನೆನೆಸಿ, ಅದುಮಿ ತೆಗೆಯಿರಿ, ಹಿಂಡಬೇಡಿ. ಜಾಲಿಸುವ ನೀರೂ ಅದೇ ಬೆಚ್ಚಗಿರಲಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ ಒಣಗಿಸಿ, ತಂತಿಗೆ ನೇತು ಹಾಕಿದರೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಅಕ್ರಿಲಿಕ್ ಕುಗ್ಗುವುದಿಲ್ಲ, ಆದರೆ ಇಸ್ತ್ರಿ ತಾಗಿದರೆ ರಿಬ್ ಸತ್ತು ಚಪ್ಪಟೆಯಾಗುತ್ತದೆ. ಚಳಿ ಮುಗಿದು ಎತ್ತಿಡುವಾಗ ಒಗೆದೇ ಇಡಿ, ನುಸಿಹುಳು ಹುಡುಕಿ ಬರುವುದು ಬೆವರಿನ ಕಲೆಯಿರುವ ಉಣ್ಣೆಯನ್ನೇ.